ವಿಕಿ ಹೋದರೂ ಟಿಪ್ಪಣಿ ಉಳಿಯಬೇಕು

ಮನೆಯಲ್ಲೇ ಒಂದು ವಿಕಿ (ಬ್ರೌಸರಿನಲ್ಲೇ ತಿದ್ದಬಹುದಾದ, ಒಂದಕ್ಕೊಂದು ಕೊಂಡಿ ಹಾಕಿದ ಪುಟಗಳು) ಇಟ್ಟುಕೊಂಡಿದ್ದೇನೆ ಅಂದರೆ ಜನ ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್?" ಅಂತ. ನನಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು ಇದು: ಆ ಸಾಫ್ಟ್‌ವೇರ್ ನಾಳೆ ಕೈಕೊಟ್ಟರೆ ನನ್ನ ಟಿಪ್ಪಣಿಗಳನ್ನು ಬರೀ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಓದಬಹುದಾ? ಓದಬಹುದು ಅಂತಾದರೆ ಮುಂದಿನ ಮಾತು. ಇಲ್ಲ ಅಂದರೆ ಎಷ್ಟೇ ಚೆಂದ ಇದ್ದರೂ ಬೇಡ.

ನಾನು ಪುಸ್ತಕಗಳ ಕರಡು ತಿದ್ದುವವಳು. ಸರ್ವರ್ ನೋಡಿಕೊಳ್ಳುವುದು ನನ್ನ ಕಸುಬಲ್ಲ. ಆದರೆ ಕರಡಿನ ಕೆಲಸದಲ್ಲಿ ನೆನಪಿಡಬೇಕಾದ ಸಣ್ಣಪುಟ್ಟ ಸಂಗತಿ ವಿಪರೀತ. ಒಬ್ಬ ಲೇಖಕರಿಗೆ ‘ಬೇರೆಬೇರೆ’ ಸೇರಿಸಿ ಬೇಕು, ಇನ್ನೊಬ್ಬರಿಗೆ ಬಿಡಿಸಿ ಬೇಕು. ಒಂದು ಪುಸ್ತಕದಲ್ಲಿ ಅಡಿಟಿಪ್ಪಣಿ ಪುಟದ ಕೆಳಗೆ, ಇನ್ನೊಂದರಲ್ಲಿ ಅಧ್ಯಾಯದ ಕೊನೆಗೆ. ಮೂರನೇ ಕರಡು ಬರುವ ಹೊತ್ತಿಗೆ ಮೊದಲ ಕರಡಿನಲ್ಲಿ ಏನು ತೀರ್ಮಾನ ಆಗಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ, ಲೇಖಕರಿಗಂತೂ ಮೊದಲೇ ಇಲ್ಲ. ಇದರ ಮೇಲೆ ಮನೆಯ ಬಾಬತ್ತುಗಳು. ಪ್ರಿಂಟರಿಗೆ ಯಾವ ಟೋನರ್, ನೀರಿನ ಫಿಲ್ಟರ್ ಯಾವಾಗ ಬದಲಿಸಿದ್ದು, ರೂಟರ್ ರೀಸೆಟ್ ಆದರೆ ಏನೇನು ಮತ್ತೆ ತುಂಬಬೇಕು, ಹೀಗೆ.

ಡೈರಿಯಲ್ಲಿ ಬರೆದಿಟ್ಟರೆ ಆಗದಾ? ಆಗುತ್ತದೆ, ಆದರೆ ಡೈರಿ ಬೆಳೆಯುವುದು ಕೆಳಮುಖವಾಗಿ. ಪ್ರಿಂಟರ್ ಬಗ್ಗೆ ಆರು ಕಡೆ ಬರೆದಿರುತ್ತೇವೆ, ಆರನೆಯದು ಐದನೆಯದನ್ನು ಸುಳ್ಳು ಮಾಡಿರುತ್ತದೆ, ಅದು ಗೊತ್ತಾಗಬೇಕಾದರೆ ಆರೂ ಓದಬೇಕು. ವಿಕಿಯಲ್ಲಿ ಪ್ರಿಂಟರಿಗೆ ಒಂದೇ ಪುಟ. ಹೊಸ ವಿಷಯ ಗೊತ್ತಾದರೆ ಹಳೆಯದನ್ನು ಹೊಡೆದು ಅಲ್ಲೇ ತಿದ್ದುವುದು. ತಿದ್ದುವುದೇ ಹೊಟ್ಟೆಪಾಡಾದವಳಿಗೆ ಇದು ಒಗ್ಗದೆ ಇರುತ್ತದಾ?

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಇಂಟರ್ನೆಟ್ಟಿಗೆ ಬಿಟ್ಟಾಗ ಅದು ಪರ್ಲ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಮ್. ಯಾರು ಬೇಕಾದರೂ ಪುಟ ತಿದ್ದಬಹುದು, ಇಲ್ಲದ ಪುಟಕ್ಕೂ ಕೊಂಡಿ ಹಾಕಬಹುದು, ಆ ಕೊಂಡಿ ಒತ್ತಿದರೆ ಪುಟ ಹುಟ್ಟುತ್ತದೆ. ಇವತ್ತಿನ ವಿಕಿಗಳು ಏನೇ ಬಣ್ಣ ಬಳಿದುಕೊಂಡಿದ್ದರೂ ನನಗೆ ಬೇಕಾಗಿದ್ದು ಅಷ್ಟೇ. ಒಂದು ಪುಟ, ಒಂದು ಕೊಂಡಿ, ತಿದ್ದುಪಡಿಯ ಇತಿಹಾಸ.

ಅಕ್ಕನ ಮಗ ಕಂಪ್ಯೂಟರ್ ಓದುತ್ತಿದ್ದಾನೆ. ಅವನದು ಒಂದೇ ಹಟ. "ಚಿಕ್ಕಮ್ಮ, ಮೀಡಿಯಾವಿಕಿ ಹಾಕು. ವಿಕಿಪೀಡಿಯನೇ ಅದರ ಮೇಲೆ ನಡೆಯುತ್ತೆ." ನಡೆಯುತ್ತದೆ, ಸರಿ. ಆದರೆ ವಿಕಿಪೀಡಿಯ ನೋಡಿಕೊಳ್ಳಲು ಜನ ಇದ್ದಾರೆ, ನನ್ನ ವಿಕಿಗೆ ನಾನೊಬ್ಬಳೇ. ಮೀಡಿಯಾವಿಕಿಯಲ್ಲಿ ಪುಟಗಳು ಕೂರುವುದು ಡೇಟಾಬೇಸಿನೊಳಗೆ. ಬ್ಯಾಕಪ್ ಬೇಕಾದರೆ ಡೇಟಾಬೇಸನ್ನು ಡಂಪ್ ಮಾಡಬೇಕು (ಒಳಗಿದ್ದದ್ದನ್ನೆಲ್ಲ ಒಂದು ಫೈಲಿಗೆ ಸುರಿಯಬೇಕು), ಚಿತ್ರಗಳ ಫೋಲ್ಡರ್ ಬೇರೆಯಾಗಿ ತೆಗೆದಿಡಬೇಕು, ಹೊಸ ಆವೃತ್ತಿ ಹಾಕಿದಾಗ ಅಪ್‌ಡೇಟ್ ಸ್ಕ್ರಿಪ್ಟ್ ಓಡಿಸಬೇಕು. ಇದ್ಯಾವುದೂ ಕಷ್ಟ ಅಲ್ಲ. ಆದರೆ ಡಂಪ್ ಫೈಲನ್ನು ತೆರೆದು ನೋಡಿ: ನನ್ನ ಪ್ರಿಂಟರ್ ಪುಟ ಎಲ್ಲೋ ಉದ್ದುದ್ದ ಸಾಲುಗಳ ಮಧ್ಯೆ ಸಿಕ್ಕಿಹಾಕಿಕೊಂಡಿರುತ್ತದೆ. ನನ್ನ ಮೊದಲ ಪ್ರಶ್ನೆಯಲ್ಲೇ ಅದು ಫೇಲ್.

ಟಿಡ್ಲಿವಿಕಿ ನೋಡಿದೆ. 2004ರಲ್ಲಿ ಜೆರೆಮಿ ರಸ್ಟನ್ ಮಾಡಿದ್ದು. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್. ಉಪಾಯ ಅಂದರೆ ಉಪಾಯ! ಪೆನ್‌ಡ್ರೈವಿನಲ್ಲಿ ಹಾಕಿ ಕೊಂಡೊಯ್ಯುವವರಿಗೆ ಅದಕ್ಕಿಂತ ಸಲೀಸಾದ್ದು ಬೇರೆ ಇಲ್ಲ. ಆದರೆ ಎಲ್ಲ ಟಿಪ್ಪಣಿ ಒಂದೇ ಫೈಲಿನಲ್ಲಿ ಅಂದರೆ ನನಗೆ ಎದೆ ಢವಢವ. ಫೈಲುಗಳ ಆವೃತ್ತಿ ಕಾಯ್ದಿಡುವ ಗಿಟ್ ಬಳಸುವ ಗೊಲಂ ಅನ್ನುವ ವಿಕಿ ಕೂಡ ಒಳ್ಳೆಯದೇ, ಪ್ರೋಗ್ರಾಮ್ ಬರೆಯುವವರಿಗೆ.

ಕೊನೆಗೆ ನಿಂತಿದ್ದು ಡೋಕುವಿಕಿ ಹತ್ತಿರ. ಇದೂ 2004ರದೇ, ಆಂಡ್ರಿಯಾಸ್ ಗೋರ್ ಶುರು ಮಾಡಿದ್ದು. ಡೇಟಾಬೇಸ್ ಇಲ್ಲವೇ ಇಲ್ಲ. ಒಂದು ಪುಟ ಅಂದರೆ ಒಂದು ಟೆಕ್ಸ್ಟ್ ಫೈಲ್. ವಿಭಾಗ ಅಂದರೆ ಫೋಲ್ಡರ್. ಹಳೆಯ ಆವೃತ್ತಿಗಳು ‘ಆಟಿಕ್’ ಅನ್ನುವ ಫೋಲ್ಡರಿನಲ್ಲಿ ಜಿಜಿಪ್ ಆಗಿ, ಅಂದರೆ ಕುಗ್ಗಿಸಿದ ಫೈಲುಗಳಾಗಿ ಕೂತಿರುತ್ತವೆ. ಸರ್ವರ್ ಆಗಿ, ಅಂಗೈಯಗಲದ ಪುಟ್ಟ ಕಂಪ್ಯೂಟರ್ ಆದ ಒಂದು ರಾಸ್ಪ್‌ಬೆರಿ ಪೈ ರೂಟರ್ ಪಕ್ಕ ಕೂತಿದೆ. ರೂಟರಿನಲ್ಲಿ ಅದಕ್ಕೆ ಒಂದು ಖಾಯಂ ವಿಳಾಸ ಕೊಟ್ಟಿದ್ದೇನೆ, ಇಲ್ಲದಿದ್ದರೆ ಪೈ ಮತ್ತೆ ಆನ್ ಆದಾಗ ಬೇರೆ ವಿಳಾಸ ಹಿಡಿದು, ಉಳಿಸಿಟ್ಟ ಬುಕ್‌ಮಾರ್ಕ್ ಎಲ್ಲ ದಂಡ. ಎಸ್‌ಡಿ ಕಾರ್ಡ್ ಮೇಲೆ ಪುಟಗಳನ್ನು ಇಟ್ಟಿಲ್ಲ. ದಿಢೀರ್ ಕರೆಂಟ್ ಹೋದಾಗ ಮೊದಲು ಏಟು ತಿನ್ನುವುದು ಆ ಕಾರ್ಡೇ. ಯುಎಸ್‌ಬಿಗೆ ಒಂದು ಎಸ್‌ಎಸ್‌ಡಿ ಸಿಕ್ಕಿಸಿದ್ದೇನೆ.

ಹಾಕುವ ವಿಧಾನ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಎರಡೇ ಮಾತು. ಇನ್‌ಸ್ಟಾಲ್ ಮುಗಿದ ಮೇಲೆ ಆ ಇನ್‌ಸ್ಟಾಲ್ ಫೈಲನ್ನು ಅಳಿಸಿ. ಮತ್ತೆ, ‘ಡೇಟಾ’ ಫೋಲ್ಡರ್ ಬ್ರೌಸರಿನಿಂದ ನೇರವಾಗಿ ತೆರೆಯದ ಹಾಗೆ ವೆಬ್ ಸರ್ವರಿಗೆ ಹೇಳಿಡಿ. ಮನೆಯೊಳಗಿನ ಸರ್ವರ್ ತಾನೇ ಅಂತ ಬಿಡುವುದು ಬೇಡ.

ಈಗ ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಮಾತ್ರ ಎದುರಾಗುವ ವಿಷಯ. ಇದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

‘ವಿದ್ಯುತ್ ಹೋದ ಮೇಲೆ ಸರ್ವರ್ ಮತ್ತೆ ಶುರು ಮಾಡುವುದು’ ಅಂತ ಒಂದು ಪುಟ ಬೇಕು ಅಂದುಕೊಳ್ಳಿ. ಏಳು ಪದ. ಕಣ್ಣಿಗೆ ಏನೂ ಉದ್ದ ಅಲ್ಲ. ಆದರೆ ಕಂಪ್ಯೂಟರ್ ಎಣಿಸುವ ರೀತಿ ಬೇರೆ. ‘ವಿದ್ಯುತ್’ ನಮಗೆ ಮೂರು ಅಕ್ಷರ, ಅದಕ್ಕೆ ಎಂಟು ಸಂಕೇತ: ವ, ಗುಡಿಸು, ದ, ಹಲಂತ, ಯ, ಕೊಂಬು, ತ, ಮತ್ತೆ ಹಲಂತ. ಹೀಗೆ ಎಣಿಸುತ್ತಾ ಹೋದರೆ ಇಡೀ ಹೆಸರಿಗೆ 38 ಸಂಕೇತ. ಯುಟಿಎಫ್-8ರಲ್ಲಿ (ಸಂಕೇತಗಳನ್ನು ಬೈಟ್ ಆಗಿ ಬರೆಯುವ ರೀತಿ) ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅಲ್ಲಿಗೇ ನಿಂತಿದ್ದರೆ ತೊಂದರೆ ಇರಲಿಲ್ಲ. ಡೋಕುವಿಕಿ ತಾನಾಗಿ ಏನು ಮಾಡುತ್ತದೆ ಅಂದರೆ, ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಅಲ್ಲದ್ದನ್ನು ವೆಬ್ ವಿಳಾಸದಲ್ಲಿ ಬರೆಯುವ ಹಾಗೆ ಪರ್ಸೆಂಟ್ ಚಿಹ್ನೆ ಹಾಕಿ ಬರೆಯುತ್ತದೆ. ಆಗ ಒಂದು ಬೈಟಿಗೆ ಮೂರು ಚಿಹ್ನೆ, ಅಂದರೆ ಒಂದು ಸಂಕೇತಕ್ಕೆ ಒಂಬತ್ತು. 38 ಇಂಟು 9, 342. ಪದಗಳ ನಡುವಿನ ಗೆರೆ ಆರು, ಕೊನೆಯ ಬಾಲ (.txt) ನಾಲ್ಕು. ಒಟ್ಟು 352.

ಪೈಯಲ್ಲಿ ಓಡುವ ಲಿನಕ್ಸಿನಲ್ಲಿ, ಡಿಸ್ಕಿನ ಮೇಲೆ ಫೈಲ್ ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಒಂದು ಫೈಲಿನ ಹೆಸರಿಗೆ ಕೊಡುವುದು 255 ಬೈಟ್ ಮಾತ್ರ. ಹೆಸರು ಹಿಡಿಸುವುದಿಲ್ಲ, ಪುಟ ಸೇವ್ ಆಗುವುದಿಲ್ಲ.

ಲೆಕ್ಕ ಇನ್ನೂ ಸ್ವಲ್ಪ ಇದೆ. ಬಾಲ ಬಿಟ್ಟರೆ ಉಳಿಯುವುದು 251, ಅದರಲ್ಲಿ 27 ಸಂಕೇತ ಹಿಡಿಸುತ್ತವೆ. ಆದರೆ ಆಟಿಕ್ ಫೋಲ್ಡರಿನಲ್ಲಿ ಹಳೆಯ ಆವೃತ್ತಿ ಇಡುವಾಗ ಹೆಸರಿಗೆ ಒಂದು ಚುಕ್ಕಿ, ಸಮಯದ ಹತ್ತು ಅಂಕಿ ಮತ್ತು ಉದ್ದದ ಬಾಲ (.txt.gz) ಸೇರುತ್ತದೆ, ಒಟ್ಟು 18. ಅಲ್ಲಿ 26ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಅಂದರೆ ಸರಿಯಾಗಿ 27 ಸಂಕೇತದ ಹೆಸರಾದರೆ ಪುಟಕ್ಕೆ ಜಾಗ ಇದೆ, ಅದರ ಇತಿಹಾಸಕ್ಕೆ ಇಲ್ಲ. ಇಂಥ ಮೂಲೆಯ ತಾಪತ್ರಯಗಳನ್ನು ಕಂಡರೆ ನನಗೆ ಒಂಥರಾ ಖುಷಿ, ಕರಡಿನಲ್ಲಿ ಯಾರಿಗೂ ಕಾಣದ ತಪ್ಪು ಸಿಕ್ಕ ಹಾಗೆ.

ಪರಿಹಾರ ಸುಲಭ. ಸೆಟ್ಟಿಂಗಿನಲ್ಲಿ ಫೈಲ್ ಹೆಸರಿನ ಎನ್‌ಕೋಡಿಂಗ್ ಅನ್ನುವ ಕಡೆ ಯುಟಿಎಫ್-8 ಆರಿಸಿ. ಅದೇ ಏಳು ಪದದ ಹೆಸರು ಆಗ 124 ಬೈಟಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಫೋಲ್ಡರ್ ತೆರೆದರೆ ಫೈಲಿನ ಹೆಸರು ಕನ್ನಡದಲ್ಲೇ ಕಾಣುತ್ತದೆ. ಮೊದಲಾದರೆ ಎಲ್ಲ ಫೈಲೂ ಪರ್ಸೆಂಟ್, ಇ, ಸೊನ್ನೆ, ಪರ್ಸೆಂಟ್, ಬಿ, ಎರಡು ಅಂತಲೇ ಶುರುವಾಗುತ್ತಿತ್ತು. ಅದರಲ್ಲಿ ಪ್ರಿಂಟರ್ ಯಾವುದು, ಫಿಲ್ಟರ್ ಯಾವುದು ಅಂತ ಹೇಳುವವರು ಯಾರು? ವಿಕಿ ಇಲ್ಲದೆಯೂ ಓದಲು ಬರಬೇಕು ಅನ್ನುವ ನನ್ನ ಶರತ್ತು ಪೂರ್ತಿಯಾಗಿದ್ದು ಈ ಒಂದು ಸೆಟ್ಟಿಂಗಿನಿಂದ. ಆದರೆ ಪುಟ ಬರೆಯಲು ಶುರು ಮಾಡುವ ಮೊದಲೇ ಇದನ್ನು ಬದಲಿಸಬೇಕು. ಆಮೇಲೆ ಬದಲಿಸಿದರೆ ಹಳೆಯ ಹೆಸರಿನ ಫೈಲುಗಳು ವಿಕಿಗೆ ಸಿಗುವುದಿಲ್ಲ.

ಹಳೆಯ ಮ್ಯಾಕ್ ಇರುವವರು ಇನ್ನೊಂದು ಗಮನಿಸಿ. ಎಚ್‌ಎಫ್‌ಎಸ್ ಪ್ಲಸ್ ಅನ್ನುವ ಮಾದರಿಯ ಅದರ ಡಿಸ್ಕುಗಳು ಫೈಲಿನ ಹೆಸರನ್ನು ಬಿಡಿಸಿ ಇಡುತ್ತವೆ. ‘ಹೋ’ದಲ್ಲಿರುವ ಓತ್ವ ನಮಗೆ ಒಂದು ಚಿಹ್ನೆ. ಆ ಡಿಸ್ಕಿನಲ್ಲಿ ಅದು ಮೂರು ತುಂಡು: ಎತ್ವ, ಊತ್ವದ ಕೊಂಬು, ಕೊನೆಗೆ ದೀರ್ಘ. ಅಲ್ಲಿಂದ ಲಿನಕ್ಸಿಗೆ ಫೈಲ್ ತಂದರೆ ಹೆಸರು ನೋಡಲು ಒಂದೇ, ಒಳಗೆ ಬೇರೆ. ಒಂದೇ ಹೆಸರಿನ ಎರಡು ಫೈಲ್ ಅಕ್ಕಪಕ್ಕ ಕೂತು ಮುಖ ನೋಡುತ್ತವೆ, ವಿಕಿ ಒಂದನ್ನು ಮಾತ್ರ ಗುರುತಿಸುತ್ತದೆ.

ಹುಡುಕಾಟದ ಕಥೆ ಇನ್ನೊಂದು. ಇಂಗ್ಲಿಷಿನಲ್ಲಿ ‘ಪ್ರಿಂಟರ್’ ಅಂತ ಹುಡುಕಿದರೆ ಸಾಕು, ಪದ ಬಹುಪಾಲು ಹಾಗೇ ಇರುತ್ತದೆ. ನಮ್ಮಲ್ಲಿ ಪ್ರಿಂಟರಿಗೆ, ಪ್ರಿಂಟರಿನ, ಪ್ರಿಂಟರನ್ನು, ಪ್ರಿಂಟರ್‌ನಲ್ಲಿ. ಡೋಕುವಿಕಿ ಇಡೀ ಪದ ಹೊಂದುತ್ತದಾ ಅಂತ ನೋಡುತ್ತದೆ. ಕೊನೆಗೆ ನಕ್ಷತ್ರದ ಚಿಹ್ನೆ ಹಾಕಿದರೆ ಪದದ ಆರಂಭ ಹೊಂದಿದರೂ ಸಾಕು. ಆದರೆ ‘ಪ್ರಿಂಟರ್’ ಬರೆದು ನಕ್ಷತ್ರ ಹಾಕಿದರೆ ‘ಪ್ರಿಂಟರಿಗೆ’ ಸಿಗುವುದಿಲ್ಲ! ‘ರ್’ನಲ್ಲಿರುವ ಹಲಂತ ‘ರಿ’ಯಲ್ಲಿ ಇಲ್ಲವಲ್ಲ. ಅದಕ್ಕೇ ಹಲಂತ ಕಿತ್ತು, ‘ಪ್ರಿಂಟರ’ ಅಂತ ಬರೆದು ನಕ್ಷತ್ರ. ಆಗ ಎಲ್ಲವೂ ಬಲೆಗೆ ಬೀಳುತ್ತವೆ. ನೀರು ಹುಡುಕುವಾಗ ‘ನೀರ’, ಬಾಗಿಲು ಹುಡುಕುವಾಗ ‘ಬಾಗಿಲ’. ಕೈ ರೂಢಿಯಾಗಲು ಸ್ವಲ್ಪ ಕಾಲ ಹಿಡಿಯಿತು, ಈಗ ತಾನಾಗಿ ಬರುತ್ತದೆ.

‘ರ‍್ಯಾಮ್’ ಇನ್ನೂ ತುಂಟ. ಅದನ್ನು ಹೀಗೆ ಮೂಡಿಸಬೇಕಾದರೆ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಬೇಕು. ಅದು ಇಲ್ಲದಿದ್ದರೆ ಅರ್ಕಾವೊತ್ತು ಬಂದು ಕೂರುತ್ತದೆ. ಫೋನಿನ ಕೀಬೋರ್ಡ್ ಒಂದು ಥರ ಮೂಡಿಸಿದರೆ ಲ್ಯಾಪ್‌ಟಾಪ್ ಇನ್ನೊಂದು ಥರ. ಫೋನಿನಲ್ಲಿ ಬರೆದಿದ್ದು ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದಕ್ಕೆ ವಿಕಿಯೊಳಗೆ ನನಗೆ ಮದ್ದು ಸಿಕ್ಕಿಲ್ಲ. ಆದರೆ ಪುಟಗಳೆಲ್ಲ ಬರೀ ಟೆಕ್ಸ್ಟ್ ಫೈಲ್ ಆಗಿರುವುದರಿಂದ ಒಂದು ಪುಟ್ಟ ಸ್ಕ್ರಿಪ್ಟ್ ಸಾಕಾಯಿತು. ಅದು ಹುಡುಕುವ ಪದದಿಂದಲೂ ಪುಟಗಳ ಪ್ರತಿಯಿಂದಲೂ ಈ ಕಾಣದ ಸಂಕೇತಗಳನ್ನು ತೆಗೆದುಹಾಕಿ ಆಮೇಲೆ ಗ್ರೆಪ್ (ಫೈಲುಗಳಲ್ಲಿ ಪದ ಹುಡುಕುವ ಪ್ರೋಗ್ರಾಮ್) ಓಡಿಸುತ್ತದೆ. ಅಕ್ಕನ ಮಗ ಒಂದು ಸಂಜೆ ಕೂತು ಬರೆದುಕೊಟ್ಟ. ಡೇಟಾಬೇಸಿನಲ್ಲಿ ಇದ್ದಿದ್ದರೆ ಇಷ್ಟು ಸಲೀಸಾಗುತ್ತಿತ್ತಾ ಅಂತ ಕೇಳಿದೆ. ಮಾತು ಬದಲಿಸಿದ.

ಗಡಿಯಾರದ ವಿಷಯ. ರಾಸ್ಪ್‌ಬೆರಿ ಪೈ 4ರವರೆಗೆ ಬೋರ್ಡ್ ಮೇಲೆ ಗಡಿಯಾರವೇ ಇಲ್ಲ. 2023ರಲ್ಲಿ ಬಂದ ಪೈ 5ರಲ್ಲಿ ಇದೆ, ಆದರೆ ಬ್ಯಾಟರಿ ಬೇರೆ ಸಿಕ್ಕಿಸಬೇಕು. ಇಂಟರ್ನೆಟ್ ಇದ್ದರೆ ಪೈ ಸಮಯವನ್ನು ಅಲ್ಲಿಂದ ಕೇಳಿ ತಿಳಿದುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಇನ್ನೂ ಬಂದಿರದಿದ್ದರೆ, ಪೈ ಎಷ್ಟು ಹೊತ್ತು ಮಲಗಿತ್ತೋ ಅಷ್ಟು ಹಿಂದಿನ ಕಾಲದಲ್ಲಿ ಏಳುತ್ತದೆ. ಡೋಕುವಿಕಿ ಆವೃತ್ತಿಗಳಿಗೆ ಹೆಸರಿಡುವುದು ಯೂನಿಕ್ಸ್ ಸಮಯದಿಂದ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಸಮಯ ತಪ್ಪಿದರೆ ಇವತ್ತಿನ ತಿದ್ದುಪಡಿಗೆ ನಿನ್ನೆಯ ತಾರೀಖು ಬೀಳಬಹುದು. ಮನೆಯ ಸರ್ವರಿಗೆ ಇಂಟರ್ನೆಟ್ ಬೇಡವೇ ಬೇಡ ಅನ್ನುವವರು ಒಂದು ಆರ್‌ಟಿಸಿ (ಬ್ಯಾಟರಿಯ ಗಡಿಯಾರ) ಮಾಡ್ಯೂಲ್ ಹಾಕಿಕೊಳ್ಳಿ. ಬೆರಳುಗುರಿನಷ್ಟು ವಸ್ತು, ತಲೆನೋವು ಪೂರ್ತಿ ಹೋಗುತ್ತದೆ.

ಬ್ಯಾಕಪ್ಪಿಗೆ ಫೈಲ್ ನಕಲು ಮಾಡುವ ಆರ್‌ಸಿಂಕ್. ರಾತ್ರಿ, ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಕ್ರಾನ್ ಎದ್ದು ಪುಟಗಳು, ಆಟಿಕ್, ಮೀಡಿಯಾ, ಮೆಟಾ ಮತ್ತು ಕಾನ್ಫ್ ಫೋಲ್ಡರುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತದೆ. ಕ್ಯಾಶ್ ಮತ್ತು ಇಂಡೆಕ್ಸ್ ಬೇಡ, ಅವನ್ನು ಮತ್ತೆ ಹುಟ್ಟಿಸಬಹುದು. ಬರೀ ಕನ್ನಡಿಯ ಹಾಗೆ ನಕಲು ಮಾಡಿದರೆ ಇಲ್ಲಿ ಅಳಿಸಿದ್ದು ರಾತ್ರಿಯೊಳಗೆ ಅಲ್ಲೂ ಅಳಿದಿರುತ್ತದೆ, ಅದು ಬ್ಯಾಕಪ್ ಅಲ್ಲ. ಹಾಗಾಗಿ ದಿನಕ್ಕೊಂದು ಫೋಲ್ಡರ್. ಬದಲಾಗದ ಫೈಲುಗಳಿಗೆ ಹಾರ್ಡ್ ಲಿಂಕ್ (ಇರುವ ಫೈಲಿಗೇ ಇನ್ನೊಂದು ಹೆಸರು) ಹಾಕುವ ಸೌಲಭ್ಯ ಆರ್‌ಸಿಂಕಿನಲ್ಲೇ ಇದೆ, ಜಾಗ ಹಿಡಿಯುವುದು ಆ ದಿನ ಬದಲಾದವು ಮಾತ್ರ. ಬ್ಯಾಕಪ್ ಸರಿ ಇದೆಯಾ ಅಂತ ನೋಡಲು ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಡೋಕುವಿಕಿ ಇಟ್ಟಿದ್ದೇನೆ. ಪಿಎಚ್‌ಪಿ (ಡೋಕುವಿಕಿಯನ್ನು ಬರೆದ ಭಾಷೆ) 5.4ರಿಂದ ಅದರೊಳಗೇ ಒಂದು ಚಿಕ್ಕ ವೆಬ್ ಸರ್ವರ್ ಬರುತ್ತದೆ. ಬ್ಯಾಕಪ್ ಫೋಲ್ಡರುಗಳನ್ನು ಆ ಖಾಲಿ ಡೋಕುವಿಕಿಯೊಳಗೆ ಹಾಕಿ ಓಡಿಸಿದರೆ ವಿಕಿ ಎದ್ದು ಕೂರುತ್ತದೆ. ಕೂರದಿದ್ದರೆ ಆವತ್ತೇ ಗೊತ್ತಾಗುತ್ತದೆ.

ಹೊರಗೆ ಹೋದಾಗ ನೋಡಬೇಕಾದರೆ? ರೂಟರಿನಲ್ಲಿ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು) ತೆರೆಯಬೇಡಿ, ದಯವಿಟ್ಟು. ವೈರ್‌ಗಾರ್ಡ್ (ಹೊರಗಿಂದ ಮನೆಯ ನೆಟ್ವರ್ಕಿಗೆ ಗುಟ್ಟಿನ ದಾರಿ) ಇದೆ, 2020ರಲ್ಲಿ ಲಿನಕ್ಸ್ ಕರ್ನೆಲ್ಲಿಗೇ ಸೇರಿತು, ಬೇಕಾದವರು ಅದನ್ನು ಹಾಕಿಕೊಳ್ಳಬಹುದು. ನಾನು ಅದನ್ನೂ ಹಾಕಿಲ್ಲ. ಸಿಂಕ್‌ತಿಂಗ್ ಅನ್ನುವ ಪ್ರೋಗ್ರಾಮ್ ಪುಟಗಳ ಫೋಲ್ಡರನ್ನು ಫೋನಿಗೆ ಕಳಿಸುತ್ತದೆ, ಓದಲು ಮಾತ್ರ. ತಿದ್ದುವುದು ಮನೆಗೆ ಬಂದ ಮೇಲೆ. ಪಾಸ್‌ವರ್ಡ್‌ಗಳು ವಿಕಿಯಲ್ಲಿ ಇಲ್ಲ, ಅವಕ್ಕೆ ಕೀಪಾಸ್ ಇದೆ. ಬರೀ ಟೆಕ್ಸ್ಟ್ ಫೈಲಿನ ಗುಣವೇ ಅಲ್ಲಿ ದೋಷ.

ಬರೆಯುವ ಬಗೆ ಹೇಳುತ್ತೇನೆ. ವಿಭಾಗಗಳನ್ನು ಮೊದಲೇ ಯೋಜಿಸುವವರನ್ನು ಕಂಡರೆ ನನಗೆ ಗಾಬರಿ. ಖಾಲಿ ಕಪಾಟಿಗೆ ಚೀಟಿ ಅಂಟಿಸುವುದರಲ್ಲೇ ಅವರ ಉತ್ಸಾಹ ಮುಗಿದಿರುತ್ತದೆ. ನಾನು ಪುಟ ಹುಟ್ಟಿಸುವುದು ಒಂದೇ ವಿಷಯ ಎರಡನೇ ಸಲ ಹುಡುಕಬೇಕಾಗಿ ಬಂದಾಗ. ಬರೆಯುತ್ತಾ ಹೋಗುವಾಗ ಮುಂದೆ ಬೇಕಾಗಬಹುದು ಅನ್ನಿಸಿದ ಪದಕ್ಕೆ ಜೋಡಿ ಚೌಕ ಆವರಣ ಹಾಕಿ ಬಿಡುತ್ತೇನೆ. ಪುಟ ಇಲ್ಲದ ಕೊಂಡಿ ಕೆಂಪಗೆ ಕಾಣುತ್ತದೆ. ಕೆಂಪು ಜಾಸ್ತಿ ಆದಾಗ ಒಂದೊಂದಾಗಿ ತುಂಬುತ್ತೇನೆ, ಇಲ್ಲವೇ ಸುಮ್ನೆ ಆವರಣ ಕೀಳುತ್ತೇನೆ.

ಪ್ರತಿ ಪುಸ್ತಕಕ್ಕೂ ಒಂದು ಶೈಲಿ ಪುಟ. ಮೇಲೆ ತೀರ್ಮಾನಗಳು, ಕೆಳಗೆ ಲೇಖಕರ ಹತ್ತಿರ ಕೇಳಬೇಕಾದವು. ಉತ್ತರ ಬಂದರೆ ಸಾಲು ಕೆಳಗಿಂದ ಮೇಲೆ ಹೋಗುತ್ತದೆ. "ನಾನು ಹಾಗೆ ಹೇಳಿರಲಿಲ್ಲವಲ್ಲ" ಅಂತ ಯಾರಾದರೂ ಅಂದರೆ ಹಳೆಯ ಆವೃತ್ತಿ ತೆಗೆದು ಯಾವ ದಿನ ಆ ಸಾಲು ಬಂತು ಅಂತ ನೋಡುತ್ತೇನೆ. ಅವರಿಗೆ ತೋರಿಸುವುದಿಲ್ಲ. ನನ್ನ ಸಮಾಧಾನಕ್ಕೆ ಅಷ್ಟೇ. ಇತಿಹಾಸ ಇರುವುದರಿಂದಲೇ ಕೈ ಧೈರ್ಯವಾಗಿ ಓಡುತ್ತದೆ. ಅರ್ಧ ಪುಟ ಹೊಡೆದುಹಾಕಿದರೂ ಆಟಿಕ್‌ನಲ್ಲಿ ಇದ್ದೇ ಇರುತ್ತದೆ. ಡೋಕುವಿಕಿಯಲ್ಲಿ ಪುಟ ಅಳಿಸುವುದು ಅಂದರೂ ಇಷ್ಟೇ: ಒಳಗಿದ್ದದ್ದನ್ನೆಲ್ಲ ತೆಗೆದು ಖಾಲಿ ಸೇವ್ ಮಾಡುವುದು. ಹಳೆಯದು ತಾನಾಗಿ ಎಲ್ಲೂ ಹೋಗುವುದಿಲ್ಲ.

ಇನ್ನು ಪ್ಲಗಿನ್, ಅಂದರೆ ವಿಕಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕು. ನೂರಾರು ಇವೆ, ನೋಡಿದರೆ ಆಸೆ ಹುಟ್ಟುತ್ತದೆ. ನನ್ನ ಜರಡಿ ಇಲ್ಲೂ ಅದೇ. ಪುಟದೊಳಗೆ ತನ್ನದೇ ವಿಶೇಷ ಚಿಹ್ನೆ ಬರೆಸುವ ಪ್ಲಗಿನ್ ಬೇಡ. ನಾಳೆ ಅದು ನಿಂತರೆ ಪುಟದಲ್ಲಿ ಅದರ ಮೂಳೆ ಉಳಿಯುತ್ತದೆ. ತಿದ್ದಲು ಸಹಾಯ ಮಾಡಿ ತಾನು ಗುರುತು ಬಿಡದ ಪ್ಲಗಿನ್ ಆದರೆ ಬರಲಿ. ಪುಟದ ಹೆಸರು ಬದಲಿಸಿದಾಗ ಅದಕ್ಕಿದ್ದ ಕೊಂಡಿಗಳನ್ನೆಲ್ಲ ತಾನೇ ತಿದ್ದುವ ‘ಮೂವ್’ ಇದೆ. ಕೋಷ್ಟಕವನ್ನು ಚೌಕಗಳಲ್ಲಿ ತುಂಬಲು ಬಿಡುವ ‘ಎಡಿಟ್‌ಟೇಬಲ್’ ಇದೆ, ಅದು ಬರೆಯುವುದು ಡೋಕುವಿಕಿಯ ಮಾಮೂಲಿ ಕೋಷ್ಟಕವನ್ನೇ. ಸದ್ಯಕ್ಕೆ ಇವೆರಡೇ.

ಹುಡುಗ ಈಗ ಇನ್ನೊಂದು ಹಟ ಹಿಡಿದಿದ್ದಾನೆ. "ಚಿಕ್ಕಮ್ಮ, ನೋಡೋಕೆ ಯಾವುದೋ ಕಾಲದ ಥರ ಇದೆ. ಒಂದು ಡಾರ್ಕ್ ಮೋಡ್ ಆದ್ರೂ ಹಾಕು." ಅದು ಬರೀ ಟೆಂಪ್ಲೇಟಿನ ವಿಷಯ. ಫೈಲುಗಳನ್ನು ಮುಟ್ಟುವುದಿಲ್ಲ. ಹಾಕಿಕೊಳ್ಳಲಿ ಅಂದಿದ್ದೇನೆ, ಹಗಲಲ್ಲಿ ಓದಲು ಬರುವ ಹಾಗಿದ್ದರೆ.